ರಿಕ್ಷಾ ಎಳೆಯುವವರ ಹೆಸರಿಗೆ ಕಾರು: ತೆಲಂಗಾಣದ ‘ಸಮಗ್ರ ವೇದಿಕ’ ಪ್ರಕರಣ

ತೆಲಂಗಾಣದಲ್ಲಿ 2014ರಿಂದ 2019ರ ನಡುವೆ 18.6 ಲಕ್ಷಕ್ಕೂ ಹೆಚ್ಚು ಪಡಿತರ ಚೀಟಿಗಳು ರದ್ದಾದವು. ಹೊಸದಾಗಿ ಬಂದ ಅರ್ಜಿಗಳಲ್ಲಿ 1,42,086 ತಿರಸ್ಕೃತವಾದವು. ಮುಂಚಿತವಾಗಿ ನೋಟಿಸ್ ಕೊಟ್ಟಿರಲಿಲ್ಲ. ನೋಟಿಸ್ ಇಲ್ಲದ ರದ್ದತಿ ಮನೆಯವರಿಗೆ ತಿಳಿಯುವ ಜಾಗ ಒಂದೇ, ನ್ಯಾಯಬೆಲೆ ಅಂಗಡಿ. ಸಾಲಿನಲ್ಲಿ ನಿಂತು, ಸರದಿ ಬಂದು, ಪಿಒಎಸ್ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟ ಮೇಲೆ ‘ನಿಮ್ಮ ಕಾರ್ಡ್ ಇಲ್ಲ’ ಎಂಬ ಮಾತು ಬರುತ್ತದೆ. ಏಕೆ ಇಲ್ಲ ಎಂಬುದು ಅಂಗಡಿಯವರಿಗೂ ಗೊತ್ತಿರುವುದಿಲ್ಲ.

ಈ ರದ್ದತಿಗಳೆಲ್ಲ ಒಂದೇ ಸಾಫ್ಟ್‌ವೇರಿನಿಂದ ಆದವಲ್ಲ. ಆದರೆ 2016ರಿಂದ ಈಚೆಗೆ ಯಾರು ಅರ್ಹರು, ಯಾರು ಅಲ್ಲ ಎಂಬ ಪ್ರಶ್ನೆಗೆ ತೆಲಂಗಾಣ ಸರ್ಕಾರ ಹೆಚ್ಚುಹೆಚ್ಚಾಗಿ ನೆಚ್ಚಿಕೊಂಡದ್ದು ‘ಸಮಗ್ರ ವೇದಿಕ’ ಎಂಬ ದತ್ತಾಂಶ ವ್ಯವಸ್ಥೆಯನ್ನು. ಅಲ್ ಜಜೀರಾ 2024ರ ಜನವರಿಯಲ್ಲಿ ಪ್ರಕಟಿಸಿದ ತನಿಖೆಯಲ್ಲಿ ಹೈದರಾಬಾದಿನ ಕೊಳೆಗೇರಿಯ ಒಂದು ಕುಟುಂಬದ ವಿಷಯ ಬರುತ್ತದೆ. ಆ ಮನೆಯ ಯಜಮಾನರು ಸೈಕಲ್ ರಿಕ್ಷಾ ಎಳೆದು ಬದುಕಿದವರು. ವ್ಯವಸ್ಥೆ ಅವರನ್ನು ಕಾರಿನ ಮಾಲೀಕರೆಂದು ಗುರುತಿಸಿತ್ತು. ಅವರು ಕ್ಯಾನ್ಸರ್‌ನಿಂದ ನರಳುತ್ತಿದ್ದ ದಿನಗಳಲ್ಲಿ, ಕೋವಿಡ್ ನಡುವೆ, ‘ನಮಗೆ ಕಾರಿಲ್ಲ’ ಎಂದು ನಂಬಿಸಲು ಅವರ ಪತ್ನಿ ಕಚೇರಿಯಿಂದ ಕಚೇರಿಗೆ ಅಲೆದರು. ಕಾರಿದೆ ಎನ್ನುವುದಕ್ಕೆ ಆರ್‌ಸಿ ಪುಸ್ತಕ ತೋರಿಸಬಹುದು. ಇಲ್ಲ ಎನ್ನುವುದಕ್ಕೆ ಏನು ತೋರಿಸುವುದು?

ಈ ಪ್ರಕರಣದಲ್ಲಿ ನಮ್ಮ ದೂರು ಯಂತ್ರ ತಪ್ಪು ಮಾಡಿತು ಎಂಬುದಷ್ಟೇ ಅಲ್ಲ. ‘ಇವರು ಅವರೇ ಇರಬಹುದು’ ಎಂದು ಯಂತ್ರ ಹೇಳಿದ್ದನ್ನು ಆಡಳಿತ ‘ಇವರು ಅವರೇ’ ಎಂದು ಓದಿತು, ಅದನ್ನೇ ಆದೇಶವಾಗಿಸಿತು. ಆ ಎರಡು ವಾಕ್ಯಗಳ ನಡುವೆ ಒಬ್ಬ ಗ್ರಾಮ ಲೆಕ್ಕಾಧಿಕಾರಿಯೋ ಆಹಾರ ನಿರೀಕ್ಷಕರೋ ಮನೆ ಬಾಗಿಲಿಗೆ ಹೋಗಿ ನೋಡುವ ಕೆಲಸವೊಂದಿತ್ತು. ಬಿಟ್ಟುಹೋದದ್ದು ಅದೇ.

ವ್ಯವಸ್ಥೆಯ ಒಳಗೆ ಏನಿದೆ

ಹೊಸ ರಾಜ್ಯವಾದ ಮೂರು ತಿಂಗಳೊಳಗೆ, 2014ರ ಆಗಸ್ಟ್ 19ರಂದು, ತೆಲಂಗಾಣ ಒಂದೇ ದಿನದಲ್ಲಿ ಇಡೀ ರಾಜ್ಯದ ಮನೆಮನೆ ಸಮೀಕ್ಷೆ ನಡೆಸಿತು. ಇನ್ನೊಂದೆಡೆ, ಅಪರಾಧಿಗಳನ್ನು ಪತ್ತೆಹಚ್ಚಲು ಪೊಲೀಸರು ಜನರ ಮಾಹಿತಿಯನ್ನು ಒಟ್ಟುಗೂಡಿಸುತ್ತಿದ್ದರು. ಅಪರಾಧ ಪತ್ತೆಗೆಂದು ಬೆಳೆದ ಆ ತಂತ್ರ ಕಲ್ಯಾಣ ಯೋಜನೆಗಳ ಅರ್ಹತೆ ಅಳೆಯುವ ಕೆಲಸಕ್ಕೆ ದಾಟಿಕೊಂಡಿತು. ಇದು ಸಣ್ಣ ವಿಷಯವಲ್ಲ. ಪೊಲೀಸರಿಗೆ ಹತ್ತು ಮಂದಿ ಶಂಕಿತರ ಪಟ್ಟಿ ಸಿಕ್ಕರೆ ಅದು ತನಿಖೆಯ ಆರಂಭ. ಅದರಲ್ಲಿ ಒಂಬತ್ತು ಹೆಸರು ತಪ್ಪಿದ್ದರೂ ಪಟ್ಟಿ ಉಪಯುಕ್ತ. ಆಹಾರ ಇಲಾಖೆಯಲ್ಲಿ ಅದೇ ಪಟ್ಟಿ ತನಿಖೆಯ ಅಂತ್ಯವಾದರೆ ಒಂಬತ್ತು ಮನೆಗಳ ಅಕ್ಕಿ ನಿಲ್ಲುತ್ತದೆ.

ಕೇಂದ್ರದ 2018–19ರ ಆರ್ಥಿಕ ಸಮೀಕ್ಷೆ ಸಮಗ್ರ ವೇದಿಕವನ್ನು ಮಾದರಿ ಎಂಬಂತೆ ವಿವರಿಸಿತು. ಅದರ ಪ್ರಕಾರ ಸುಮಾರು 25 ಸರ್ಕಾರಿ ದತ್ತಾಂಶ ಕೋಶಗಳನ್ನು ಹೆಣೆಯಲಾಗಿತ್ತು. ಅಪರಾಧ, ಆಸ್ತಿ, ವಿದ್ಯುತ್ ನೀರಿನಂಥ ಸೇವೆಗಳು, ಸಹಾಯಧನ, ಶಿಕ್ಷಣ, ತೆರಿಗೆ, ಗುರುತಿನ ಮಾಹಿತಿ, ಹೀಗೆ ಏಳು ಬಗೆ. ಪ್ರತಿ ವ್ಯಕ್ತಿಯನ್ನು ಗಂಡ, ಹೆಂಡತಿ, ತಂದೆ, ತಾಯಿ, ಒಡಹುಟ್ಟಿದವರೊಂದಿಗೂ ಜೋಡಿಸಲಾಗಿತ್ತು. ಇಷ್ಟನ್ನೆಲ್ಲ ಕಟ್ಟಿದ ದಾರ ಯಾವುದು? ವ್ಯಕ್ತಿಯ ಹೆಸರು ಮತ್ತು ವಿಳಾಸ. ಸಮೀಕ್ಷೆ ಇದನ್ನು ಜಾಣ್ಮೆ ಎಂದು ಮೆಚ್ಚಿಕೊಂಡಿತು. ನಮ್ಮ ಹೆಸರು, ವಿಳಾಸಗಳು ಸರ್ಕಾರಿ ಕಡತಗಳಲ್ಲಿ ಹೇಗಿರುತ್ತವೆ ಎಂಬುದನ್ನು ಬಲ್ಲ ಯಾರಿಗೂ ಅಲ್ಲೇ ಎದೆ ಧಸಕ್ಕೆನ್ನಬೇಕಿತ್ತು.

ಹೆಸರು ಹೊಂದಿಸುವುದು ಎಂದರೆ

ಈ ಕೆಲಸ ಮಾಡುವ ಸಾಫ್ಟ್‌ವೇರನ್ನು ಒದಗಿಸಿದ್ದು ಒಂದು ಖಾಸಗಿ ಕಂಪನಿ. ಮಾಹಿತಿ ಹಕ್ಕಿನಡಿ ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಕೇಳಿದಾಗ, ಅದು ಕಂಪನಿಯ ಸ್ವತ್ತು ಎಂಬ ಕಾರಣಕ್ಕೆ ಕೊಡಲಿಲ್ಲ. ಆದರೆ ದಾಖಲೆ ಹೊಂದಿಸುವ ವಿದ್ಯೆ ಗುಟ್ಟಿನದಲ್ಲ. ಅದರ ಮೆಟ್ಟಿಲುಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಲೆಕ್ಕಕ್ಕೆಂದು 50 ಲಕ್ಷ ಪಡಿತರ ಚೀಟಿ, 1 ಕೋಟಿ ವಾಹನ ದಾಖಲೆ ಎಂದಿಟ್ಟುಕೊಳ್ಳೋಣ. ಪ್ರತಿ ಚೀಟಿಯನ್ನು ಪ್ರತಿ ವಾಹನದೊಂದಿಗೆ ಹೋಲಿಸಿದರೆ 50 ಲಕ್ಷ ಕೋಟಿ ಹೋಲಿಕೆಗಳಾಗುತ್ತವೆ. ಅಷ್ಟನ್ನು ಯಾರೂ ಮಾಡುವುದಿಲ್ಲ. ಮೊದಲು ದಾಖಲೆಗಳನ್ನು ಗುಂಪು ಮಾಡುತ್ತಾರೆ: ಒಂದೇ ಪಿನ್‌ಕೋಡ್, ಒಂದೇ ಮೊದಲಕ್ಷರ, ಅಥವಾ ಒಂದೇ ಉಚ್ಚಾರ ಸಂಕೇತ. ಹೋಲಿಕೆ ನಡೆಯುವುದು ಗುಂಪಿನೊಳಗೆ ಮಾತ್ರ.

ಉಚ್ಚಾರ ಸಂಕೇತಗಳಲ್ಲಿ ಹಳೆಯದು ಸೌಂಡೆಕ್ಸ್. ಅಮೆರಿಕದಲ್ಲಿ ಇಂಗ್ಲಿಷ್ ಮನೆತನದ ಹೆಸರುಗಳಿಗಾಗಿ ಮಾಡಿದ್ದು, 1918ರ ಪೇಟೆಂಟ್. ಮೊದಲಕ್ಷರ ಉಳಿಸಿಕೊಂಡು ಸ್ವರಗಳನ್ನು ತೆಗೆದುಹಾಕುತ್ತದೆ, ಉಳಿದ ವ್ಯಂಜನಗಳಿಗೆ ಅಂಕಿ ಕೊಡುತ್ತದೆ. ‘ಮ’ ಮತ್ತು ‘ನ’ ಎರಡಕ್ಕೂ ಅದರಲ್ಲಿ ಒಂದೇ ಅಂಕಿ, 5. ಹಾಗಾಗಿ ಇಂಗ್ಲಿಷಿನಲ್ಲಿ ಬರೆದ ‘ರಾಮ’ ಮತ್ತು ‘ರಾಣಿ’ ಎರಡಕ್ಕೂ ಆರ್-500 ಎಂಬ ಒಂದೇ ಸಂಕೇತ. ‘ಅಹ್ಮದ್’ ಮತ್ತು ‘ಅಮಿತ್’ ಎರಡಕ್ಕೂ ಎ-530. ಈಗಿನ ವ್ಯವಸ್ಥೆಗಳು ಇದಕ್ಕಿಂತ ನಾಜೂಕಾಗಿವೆ, ನಿಜ. ಆದರೂ ಇಂಗ್ಲಿಷ್ ಕಾಗುಣಿತದ ಮೇಲೆ ನಿಂತ ಯಾವ ತಂತ್ರಕ್ಕೂ ನಮ್ಮ ಹೆಸರುಗಳು ಒಗ್ಗುವುದು ಕಷ್ಟ. ಲಕ್ಷ್ಮಮ್ಮನವರ ‘ಕ್ಷ’ವನ್ನು ಪಡಿತರ ಚೀಟಿಯ ಗುಮಾಸ್ತರು ಕೆ-ಎಸ್-ಎಚ್ ಎಂದು ಬರೆದಿರುತ್ತಾರೆ, ಬ್ಯಾಂಕಿನವರು ಎಕ್ಸ್ ಎಂದು. ಒಬ್ಬರೇ ಇಬ್ಬರಾದರು. ಅದನ್ನು ಸರಿಪಡಿಸಲೆಂದು ಹೋಲಿಕೆಯನ್ನು ಸಡಿಲ ಮಾಡಿದರೆ, ಪಕ್ಕದ ಬೀದಿಯ ಇನ್ನೊಬ್ಬ ಲಕ್ಷ್ಮಮ್ಮ ಬಂದು ಸೇರಿಕೊಳ್ಳುತ್ತಾರೆ. ಈಗ ಇಬ್ಬರು ಒಬ್ಬರಾದರು.

ಗುಂಪು ಮಾಡಿದ ಮೇಲೆ ಅಂಕ ಕೊಡುವ ಹಂತ. ಒಂದು ಚೀಟಿಯಲ್ಲಿ ‘ಶೇಖ್ ಅಹ್ಮದ್’ ಎಂದಿದೆ, ವಾಹನ ದಾಖಲೆಯಲ್ಲಿ ‘ಶೇಖ್ ಇಮ್ರಾನ್ ಅಹ್ಮದ್’ ಎಂದಿದೆ ಅನ್ನಿ (ಹೆಸರುಗಳು ಉದಾಹರಣೆಗೆ ಮಾತ್ರ). ಒಟ್ಟು ಮೂರು ಬೇರೆಬೇರೆ ಪದಗಳಲ್ಲಿ ಎರಡು ಸಮಾನ ಎಂದು ಎಣಿಸುವ ವಿಧಾನಕ್ಕೆ ಇದು ಶೇ 67 ಹೊಂದಿಕೆ. ‘ಚಿಕ್ಕ ಹೆಸರಿನ ಪದಗಳೆಲ್ಲ ದೊಡ್ಡ ಹೆಸರಿನಲ್ಲಿವೆಯೇ’ ಎಂದು ಕೇಳುವ ವಿಧಾನಕ್ಕೆ ಇದೇ ಜೋಡಿ ಶೇ 100. ಎರಡೂ ವಿಧಾನಗಳು ದಿನನಿತ್ಯ ಬಳಕೆಯಲ್ಲಿವೆ. ಯಾವುದನ್ನು ಆರಿಸಿಕೊಂಡರು ಎಂಬ ಒಂದು ಸಾಲಿನ ತೀರ್ಮಾನ ಯಾರೋ ಒಬ್ಬ ಎಂಜಿನಿಯರ್ ಮೇಜಿನ ಮೇಲೆ ಆಗಿಹೋಗಿರುತ್ತದೆ. ಆಹಾರ ಇಲಾಖೆಯ ಯಾವ ಅಧಿಕಾರಿಯೂ ಅದಕ್ಕೆ ಸಹಿ ಹಾಕಿರುವುದಿಲ್ಲ.

ವಿಳಾಸ ಇದನ್ನು ಬಿಡಿಸಬಹುದಿತ್ತಲ್ಲ ಎಂದು ಕೇಳಬಹುದು. ಹೈದರಾಬಾದಿನ ಹಳೇ ನಗರದ ಮನೆ ಸಂಖ್ಯೆಗಳನ್ನು ನೋಡಿ: ವಾರ್ಡು, ಬ್ಲಾಕು, ಮನೆ ಎಂದು ಅಡ್ಡಗೆರೆ ಹಾಕಿದ ಮೂರು ಅಂಕಿ, ಆಮೇಲೆ ಮನೆ ಪಾಲಾದಂತೆಲ್ಲ ಓರೆಗೆರೆ ಹಾಕಿ ಸೇರಿಸಿದ ಉಪಸಂಖ್ಯೆಗಳು. 17-2-104 ಒಂದು ದೊಡ್ಡ ಮನೆ. 17-2-104/3/ಎ ಅದರ ಹಿತ್ತಿಲಲ್ಲಿ ಬಾಡಿಗೆಗಿರುವ ಒಂದು ಕೋಣೆ. ಒಂದು ಇಲಾಖೆ ಓರೆಗೆರೆಯ ನಂತರದ್ದನ್ನು ನಮೂದಿಸಿದೆ, ಇನ್ನೊಂದು ಬಿಟ್ಟಿದೆ. ಹಿತ್ತಿಲ ಕೋಣೆಯವರ ವಿಳಾಸವೂ ಮುಂದಿನ ಮನೆಯ ಕಾರಿನವರ ವಿಳಾಸವೂ ಕಂಪ್ಯೂಟರಿಗೆ ಒಂದೇ ಆಗುತ್ತದೆ. ಬಡವರು ಬಾಡಿಗೆ ಮನೆಗಳಲ್ಲಿ ಒತ್ತೊತ್ತಾಗಿ ಇರುವುದರಿಂದ ಈ ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಬಡವರ ಮೇಲೆಯೇ ಹೆಚ್ಚು ಬೀಳುತ್ತದೆ. ಒಂದೇ ಹೆಸರು ಸಾವಿರಾರು ಜನರಿಗಿರುವ ಸಮುದಾಯಗಳ ಮೇಲೂ ಹಾಗೆಯೇ. ಧರ್ಮ, ಜಾತಿ ಎಂಬ ಕಾಲಂ ವ್ಯವಸ್ಥೆಯಲ್ಲಿ ಇಲ್ಲದಿದ್ದರೂ ಹೆಸರಿನ ಮೂಲಕ ತಾರತಮ್ಯ ಒಳಗೆ ಬಂದುಬಿಡುತ್ತದೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಕೆನಡಾದ ಸಂಖ್ಯಾಶಾಸ್ತ್ರಜ್ಞರಾದ ಐವನ್ ಫೆಲ್ಲೆಗಿ ಮತ್ತು ಅಲನ್ ಸಂಟರ್ 1969ರಲ್ಲೇ ದಾಖಲೆ ಜೋಡಣೆಯ ಗಣಿತವನ್ನು ಬರೆದಿಟ್ಟರು. ಅದರಲ್ಲಿ ಎರಡು ವಿಷಯ ಮುಖ್ಯ. ಅಪರೂಪದ ಹೆಸರು ಹೊಂದಿದರೆ ಹೆಚ್ಚು ತೂಕ, ಸಾಮಾನ್ಯ ಹೆಸರು ಹೊಂದಿದರೆ ಕಡಿಮೆ ತೂಕ. ಎರಡನೆಯದು, ಉತ್ತರ ಮೂರು ಬಗೆ: ಒಂದೇ ವ್ಯಕ್ತಿ, ಬೇರೆ ವ್ಯಕ್ತಿ, ಅನುಮಾನ. ಅನುಮಾನದ ಕಟ್ಟನ್ನು ಮನುಷ್ಯರೇ ಕೂತು ನೋಡಬೇಕು. ಆ ಮೂರನೆಯ ಕಟ್ಟನ್ನು ಇಟ್ಟುಕೊಂಡರೆ ಸಿಬ್ಬಂದಿ ಬೇಕು, ಸಮಯ ಬೇಕು, ‘ಉಳಿತಾಯ’ದ ಅಂಕಿ ಕುಗ್ಗುತ್ತದೆ.

‘ಶೇ 98 ಸರಿ’ ಎಂಬ ಮಾತಿನ ಲೆಕ್ಕ

ಇಂಥ ವ್ಯವಸ್ಥೆಗಳನ್ನು ಮಾರುವವರು ನಿಖರತೆಯ ಶೇಕಡಾವಾರು ಹೇಳುತ್ತಾರೆ. ಅದನ್ನು ಬಿಡಿಸಿ ನೋಡುವ ಅಭ್ಯಾಸ ಅಧಿಕಾರಿಗಳಿಗೂ ಪತ್ರಕರ್ತರಿಗೂ ಇರಬೇಕು. ಮತ್ತೆ ಲೆಕ್ಕಕ್ಕೆಂದು 50 ಲಕ್ಷ ಚೀಟಿ. ಅವರಲ್ಲಿ ನಿಜಕ್ಕೂ ಕಾರಿರುವವರು ಶೇ 1, ಅಂದರೆ 50,000. ಯಂತ್ರ ಅವರಲ್ಲಿ ಶೇ 95ರಷ್ಟನ್ನು ಹಿಡಿಯುತ್ತದೆ: 47,500. ಕಾರಿಲ್ಲದ 49,50,000 ಮನೆಗಳಲ್ಲಿ ಬರೀ ಶೇ 2ನ್ನು ತಪ್ಪಾಗಿ ಹಿಡಿಯುತ್ತದೆ: 99,000. ರದ್ದಾಗಬೇಕಾದವರ ಪಟ್ಟಿಗೆ ಒಟ್ಟು 1,46,500 ಹೆಸರು ಬಂದವು. ಅದರಲ್ಲಿ ಮೂರನೇ ಎರಡು ಪಾಲು ಕಾರಿಲ್ಲದವರು. ‘ಕಾರಿಲ್ಲದವರಲ್ಲಿ ಶೇ 98ರಷ್ಟನ್ನು ಸರಿಯಾಗಿ ಬಿಟ್ಟಿದ್ದೇವೆ’ ಎಂಬ ಮಾತೂ ಸುಳ್ಳಲ್ಲ. ಹುಡುಕುವ ವಸ್ತು ಅಪರೂಪವಾದಷ್ಟೂ ತಪ್ಪುಗಳು ಸರಿಯನ್ನು ಮುಳುಗಿಸುತ್ತವೆ. ಹಾಗಾಗಿ ಟೆಂಡರ್ ಪತ್ರದಲ್ಲಿ ಕೇಳಬೇಕಾದ ಅಂಕಿ ‘ಒಟ್ಟು ನಿಖರತೆ’ ಅಲ್ಲ. ‘ಅನರ್ಹರು ಎಂದು ಪಟ್ಟಿಯಾದ ನೂರು ಮನೆಗಳಿಗೆ ಹೋಗಿ ನೋಡಿದರೆ ಎಷ್ಟು ಮನೆ ನಿಜಕ್ಕೂ ಅನರ್ಹ’ ಎಂಬುದು.

ಹೊಂದಿಕೆ ಸರಿಯಾಗಿದ್ದಾಗಲೂ ತೀರ್ಮಾನ ತಪ್ಪಬಹುದು. ಕಾರು ಮಾರಿ ವರ್ಷಗಳಾಗಿದೆ, ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30 ಆರ್‌ಟಿಒ ತಲುಪಿಲ್ಲ. ದಾಖಲೆಯಲ್ಲಿ ಕಾರು ಇನ್ನೂ ಹಳೆಯ ಮಾಲೀಕರದೇ. ಸಾಲ ಸಿಗಲೆಂದು ಯಾರೋ ಇನ್ನೊಬ್ಬರ ಹೆಸರಿನಲ್ಲಿ ಗಾಡಿ ತೆಗೆದಿದ್ದಾರೆ. ಮಗ ಬೇರೆ ಮನೆ ಮಾಡಿ ಹತ್ತು ವರ್ಷವಾಗಿದೆ, ಸಂಬಂಧದ ಜೋಡಣೆಯಲ್ಲಿ ಅವನ ಕಾರು ತಾಯಿಯ ಚೀಟಿಗೆ ಅಂಟಿಕೊಂಡಿದೆ.

ಸುಪ್ರೀಂ ಕೋರ್ಟಿನ ಮುಂದೆ

ತೆಲಂಗಾಣದ ನಿಯಮದಲ್ಲಿ ವಾರ್ಷಿಕ ಆದಾಯದ ಮಿತಿ ಹಳ್ಳಿಗಳಲ್ಲಿ 1.5 ಲಕ್ಷ ರೂಪಾಯಿ, ನಗರಗಳಲ್ಲಿ 2 ಲಕ್ಷ. ನಾಲ್ಕು ಚಕ್ರದ ವಾಹನ ಇದ್ದವರು ಅನರ್ಹರು. ಸರ್ಕಾರದ ವಾದ, ರದ್ದಾದವು ನಕಲಿ ಅಥವಾ ಅನರ್ಹ ಚೀಟಿಗಳು, ಅದರಿಂದ ಖಜಾನೆಗೆ ಉಳಿತಾಯ. ಈ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಕಲಿ ಚೀಟಿಗಳು ಎಲ್ಲ ರಾಜ್ಯಗಳಲ್ಲೂ ಇದ್ದವು. ಕರ್ನಾಟಕದಲ್ಲೇ ಒಂದು ಕಾಲಕ್ಕೆ ಕುಟುಂಬಗಳಿಗಿಂತ ಹೆಚ್ಚು ಚೀಟಿಗಳಿದ್ದವು, ಅವನ್ನು ಬೇರ್ಪಡಿಸಲು ಮನೆಯ ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಕೇಳಬೇಕಾಯಿತು. ಸೋರಿಕೆ ತಡೆಯುವುದು ಬಡವರ ಪರವಾದ ಕೆಲಸವೇ.

ಹೈದರಾಬಾದಿನ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ಅವರ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ, ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸುವಂತೆ ಆದೇಶಿಸಿತು. ಜನರಿಂದ 4,91,899 ಅರ್ಜಿಗಳು ಬಂದವು. 2022ರ ಜುಲೈವರೆಗೆ ವಿಲೇವಾರಿಯಾದವು 2,05,734. ಅವುಗಳಲ್ಲಿ 15,471 ಅರ್ಹ ಎಂದು ಒಪ್ಪಿಕೊಳ್ಳಲಾಯಿತು. ಅಂದರೆ ಶೇ 7.5.

ಈ ಶೇ 7.5 ಕಡಿಮೆ ಎಂದು ಕಂಡರೆ ಎರಡು ಸಂಗತಿ ನೆನಪಿಡಬೇಕು. ರದ್ದಾದ ಮನೆಗಳಲ್ಲಿ ಸುಮಾರು ಕಾಲು ಪಾಲು ಮಾತ್ರ ಮತ್ತೆ ಅರ್ಜಿ ಹಾಕಿದ್ದು. ಊರು ಬಿಟ್ಟವರು, ತೀರಿಕೊಂಡವರು, ಆಸೆ ಬಿಟ್ಟವರು, ಅರ್ಜಿ ಕರೆದಿದ್ದಾರೆಂದೇ ತಿಳಿಯದವರು ಈ ಲೆಕ್ಕದಲ್ಲಿಲ್ಲ. ಇನ್ನೊಂದು, ಒಂದು ಚೀಟಿ ಎಂದರೆ ಒಬ್ಬರಲ್ಲ, ಒಂದು ಮನೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಐದು ಮಂದಿಯ ಮನೆಗೆ ಆರು ವರ್ಷ ಚೀಟಿ ಇಲ್ಲದಿದ್ದರೆ ಅದು 18 ಕ್ವಿಂಟಲ್. ಆಸ್ಪತ್ರೆಯ ರಿಯಾಯಿತಿ, ವಿದ್ಯಾರ್ಥಿವೇತನ, ಪಿಂಚಣಿಗಳಿಗೂ ಅದೇ ಚೀಟಿ ಆಧಾರವಾಗಿರುವುದರಿಂದ ನಷ್ಟ ಅಕ್ಕಿಗೇ ನಿಲ್ಲುವುದಿಲ್ಲ.

ಇದು ಹಕ್ಕಿನ ಪ್ರಶ್ನೆಯಾಗುವುದು ಇಲ್ಲಿ. ಆಹಾರ ಭದ್ರತಾ ಕಾಯ್ದೆಯಡಿ ಅಕ್ಕಿ ದಾನವಲ್ಲ, ಕಾನೂನಿನ ಬಾಧ್ಯತೆ. ಒಬ್ಬರ ಹಕ್ಕು ಕಸಿಯುವ ಮೊದಲು ಅವರ ಮಾತು ಕೇಳಬೇಕು ಎಂಬುದು ಸಹಜ ನ್ಯಾಯದ ಮೊದಲ ನಿಯಮ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನದು. ಜನರ ಮಾಹಿತಿ ಬಳಸಲು ಸರ್ಕಾರಕ್ಕೆ ಕಾನೂನಿನ ಬಲ ಬೇಕು, ನ್ಯಾಯವಾದ ಉದ್ದೇಶ ಬೇಕು, ಬಳಕೆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಬಂದದ್ದು ಅಲ್ಲಿಂದ. ನೆದರ್‌ಲೆಂಡ್ಸ್‌ನಲ್ಲಿ ಇಂಥದೇ ಅಳತೆಗೋಲಿನಿಂದ ಹೇಗ್ ಜಿಲ್ಲಾ ನ್ಯಾಯಾಲಯ 2020ರ ಫೆಬ್ರುವರಿ 5ರಂದು ‘ಸಿರಿ’ ಎಂಬ ವಂಚನೆ ಪತ್ತೆ ವ್ಯವಸ್ಥೆಯನ್ನು ನಿಲ್ಲಿಸಿತು. ಅದು ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ನಾಗರಿಕರು ಪರೀಕ್ಷಿಸಲು ದಾರಿಯೇ ಇರಲಿಲ್ಲ ಎಂಬುದು ಮುಖ್ಯ ಕಾರಣಗಳಲ್ಲಿ ಒಂದು. ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 8(3)ನೇ ಕಲಮು, ವ್ಯಕ್ತಿಯ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಬಳಸುವ ದತ್ತಾಂಶ ಪೂರ್ಣವೂ ನಿಖರವೂ ಆಗಿರಬೇಕು ಎನ್ನುತ್ತದೆ. ಕಾಯ್ದೆ ಹಂತಹಂತವಾಗಿ ಜಾರಿಗೆ ಬರುತ್ತಿದೆ.

ನಮ್ಮ ಕಡೆ

ಕರ್ನಾಟಕದಲ್ಲಿ ‘ಕುಟುಂಬ’ ಎಂಬ ದತ್ತಾಂಶ ವ್ಯವಸ್ಥೆ ಇದೆ. ಪಡಿತರ ಚೀಟಿಯ ಆಧಾರದ ಮೇಲೆ ಕುಟುಂಬಗಳನ್ನು ಗುರುತಿಸಿ ಯೋಜನೆಗಳಿಗೆ ಜೋಡಿಸುತ್ತದೆ. ಒಂದೇ ದಾಖಲೆ ಹತ್ತು ಇಲಾಖೆಗೆ ಸಾಗುವುದರಿಂದ ಅರ್ಜಿದಾರರು ಹತ್ತು ಸಲ ಪ್ರಮಾಣಪತ್ರ ತರುವುದು ತಪ್ಪುತ್ತದೆ. ದಾಖಲೆ ತಪ್ಪಿದ್ದರೆ ಆ ತಪ್ಪೂ ಹತ್ತು ಇಲಾಖೆಗೆ ಸಾಗುತ್ತದೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳು ರದ್ದಾಗಿ ಎಪಿಎಲ್‌ಗೆ ಬದಲಾದಾಗ ಎದ್ದ ಗದ್ದಲ ನೆನಪಿರಬಹುದು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಹಿಂದಿರುಗಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಅದು ಸಮಗ್ರ ವೇದಿಕದಂಥ ಯಂತ್ರದ ಪ್ರಕರಣವಲ್ಲ. ಆದರೆ ಎಡವಿದ ಮೆಟ್ಟಿಲು ಅದೇ: ಪಟ್ಟಿ ಮೊದಲು, ವಿಚಾರಣೆ ಆಮೇಲೆ.

ಆ ಕ್ರಮವನ್ನು ತಿರುಗಿಸಿದರೆ ನೋಟಿಸ್ ಹೀಗಿರಬೇಕಾಗುತ್ತದೆ: ‘ನಿಮ್ಮ ಚೀಟಿಯ ಸದಸ್ಯರಾದ ಇಂಥವರ ಹೆಸರಿನಲ್ಲಿ, ಇಂಥ ಆರ್‌ಟಿಒದಲ್ಲಿ, ಇಂಥ ಸಂಖ್ಯೆಯ ಕಾರು ಇರುವಂತೆ ದಾಖಲೆ ಹೊಂದಿಕೆಯಲ್ಲಿ ಕಂಡುಬಂದಿದೆ. ಇದು ಖಚಿತವಲ್ಲ. ಈ ತಿಂಗಳ 18ರೊಳಗೆ ಆಹಾರ ನಿರೀಕ್ಷಕರು ನಿಮ್ಮ ಮನೆಗೆ ಬರುತ್ತಾರೆ. ಕಾರು ನಿಮ್ಮದಲ್ಲದಿದ್ದರೆ ಅವರ ಬಳಿ ಹೇಳಿ. ಬೇರೆ ದಾಖಲೆ ಬೇಕಿಲ್ಲ. ಆದೇಶವಾಗುವವರೆಗೆ ಪಡಿತರ ಎಂದಿನಂತೆ ಸಿಗುತ್ತದೆ.’ ವಾಹನದ ಸಂಖ್ಯೆ ಇದ್ದರೆ ಆ ಕಾರು ಯಾರದೆಂದು ಒಂದೇ ದಿನದಲ್ಲಿ ತಿಳಿಯುತ್ತದೆ. ‘ನಾಲ್ಕು ಚಕ್ರದ ವಾಹನ ಇದೆ’ ಎಂದಷ್ಟೇ ಬರೆದರೆ ಇಡೀ ಜಿಲ್ಲೆಯ ಕಾರುಗಳೆಲ್ಲ ತಮ್ಮದಲ್ಲವೆಂದು ತೋರಿಸುವ ಭಾರ ಆ ಮನೆಯವರ ತಲೆಗೆ.

ಚೀಟಿ ರದ್ದಾದವರು ಹಿಡಿಯಬಹುದಾದ ದಾರಿ

ಮೊದಲು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ರದ್ದತಿಯ ಆದೇಶದ ಪ್ರತಿ ಕೇಳಬೇಕು, ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಉತ್ತರ ಮುಂದೆ ಎಲ್ಲಿಯೂ ಕೆಲಸಕ್ಕೆ ಬಾರದು. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸುವುದು ಕಚೇರಿಯ ಕರ್ತವ್ಯ. ಅರ್ಜಿಯಲ್ಲಿ ಈ ಕಲಮನ್ನು ನಮೂದಿಸಿ. ಕೇಳಬೇಕಾದವು: ಯಾವ ಇಲಾಖೆಯ, ಯಾವ ದಿನಾಂಕದ ದಾಖಲೆ; ವಾಹನ ಅಥವಾ ಜಮೀನಿನ ಸಂಖ್ಯೆ; ಹೆಸರು, ವಿಳಾಸ, ಆಧಾರ್ ಇವುಗಳಲ್ಲಿ ಯಾವುದರಿಂದ ಹೊಂದಿಸಿದರು; ಸ್ಥಳ ಪರಿಶೀಲನೆಯ ವರದಿ; ಆದೇಶಕ್ಕೆ ಸಹಿ ಮಾಡಿದ ಅಧಿಕಾರಿಯ ಹುದ್ದೆ. ಸಾಫ್ಟ್‌ವೇರ್ ಕಂಪನಿಯ ವ್ಯಾಪಾರ ಗುಟ್ಟು ಎಂದು ನಿರಾಕರಿಸಿದರೆ, 8(1)(ಡಿ) ಕಲಮಿನಲ್ಲೇ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕೆಂದಿದೆ. ಹೇಗೂ ನೀವು ಕೇಳುತ್ತಿರುವುದು ಮೂಲ ಸಂಕೇತವನ್ನಲ್ಲ, ನಿಮ್ಮದೇ ದಾಖಲೆಯನ್ನು. ಬಿಪಿಎಲ್‌ನವರಿಗೆ ಈ ಅರ್ಜಿಗೆ ಶುಲ್ಕವಿಲ್ಲ. ಆದರೆ ಚೀಟಿ ರದ್ದಾದ ಮೇಲೆ ಆ ವಿನಾಯಿತಿಗೆ ತೋರಿಸಲು ಪುರಾವೆ ಇರುವುದಿಲ್ಲವಾದ್ದರಿಂದ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿಬಿಡುವುದು ಒಳ್ಳೆಯದು. ಶುಲ್ಕದ ನೆಪದಲ್ಲಿ ಅರ್ಜಿ ಮರಳಿ ಬರುವುದಿಲ್ಲ. ಉತ್ತರಕ್ಕೆ 30 ದಿನ ಗಡುವು.

ಅದಕ್ಕಾಗಿ ಕಾಯದೆ, ಜೊತೆಯಲ್ಲೇ ಆಹಾರ ಭದ್ರತಾ ಕಾಯ್ದೆಯ 15ನೇ ಕಲಮಿನಡಿ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಮೇಲ್ಮನವಿ ರಾಜ್ಯ ಆಹಾರ ಆಯೋಗಕ್ಕೆ. 1967 ಸಹಾಯವಾಣಿಗೆ ಕರೆ ಮಾಡಿದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಚೀಟಿ ಮರಳಿ ಬಂದಾಗ ಬಹುತೇಕರು ಅಲ್ಲಿಗೆ ಸುಮ್ಮನಾಗುತ್ತಾರೆ. ಸಿಗದೆಹೋದ ತಿಂಗಳುಗಳ ಧಾನ್ಯಕ್ಕೆ ಆಹಾರ ಭದ್ರತಾ ಭತ್ಯೆ ಕೇಳಲು 8ನೇ ಕಲಮಿನಲ್ಲಿ ಅವಕಾಶವಿದೆ. ದೂರಿನಲ್ಲಿ ಮೊದಲ ದಿನವೇ ಅದನ್ನೂ ಬರೆದಿರಬೇಕು, ಯಾವ ತಿಂಗಳಿಂದ ನಿಂತಿತು, ಮನೆಯಲ್ಲಿ ಎಷ್ಟು ಮಂದಿ, ಒಟ್ಟು ಎಷ್ಟು ಕೆ.ಜಿ. ಬಾಕಿ ಎಂಬ ಲೆಕ್ಕದ ಸಮೇತ.